ಹಲ್ಲಿನ ಕಾಲೇಜಿನ ಮೊದಲ ಮೇಷ್ಟ್ರು

ಅವರ ತೋರುಬೆರಳಿನ ಮೇಲೆ ಯಾರೋ ಕಚ್ಚಿದ ಗುರುತು ಅರ್ಧಚಂದ್ರದಂತೆ ಉಳಿದುಬಿಟ್ಟಿತ್ತು. "ನನ್ನ ಮೊದಲ್ನೇ ಪೇಶೆಂಟು ಕೊಟ್ಟ ಸರ್ಟಿಫಿಕೇಟು," ಎನ್ನುತ್ತಿದ್ದರು. ಯಲಹಂಕದ ಕಡೆ ಹಲ್ಲಿನ ಕಾಲೇಜು ಶುರು ಮಾಡಿದವರಲ್ಲಿ ಅವರೊಬ್ಬರು. ನಿವೃತ್ತರಾದ ಮೇಲೂ ದಿನಾ ಬಂದು, ಕಲಿಯುವ ಮಕ್ಕಳ ಬೆನ್ನ ಹಿಂದೆ ನಿಂತಿರುತ್ತಿದ್ದರು. ನಮಗೆಲ್ಲ ಅವರು ಹಲ್ಲಿನ ಮೇಷ್ಟ್ರು.

ಹೋದ ವರ್ಷ ನನಗೆ ದವಡೆ ಹಲ್ಲು ನೋವು. ದೇವರಿಗೆ ಬೆಳಗುವ ಕರ್ಪೂರ ತಾನೆ, ಕೆಡುಕು ಮಾಡೀತೇ ಎಂದು ಅದರ ಚೂರನ್ನು ಹಲ್ಲಿನ ಪಕ್ಕ ಒತ್ತಿಟ್ಟುಕೊಳ್ಳುತ್ತಿದ್ದೆ. ಕೆನ್ನೆಯೊಳಗೆ ಬಿಳಿ ಮಚ್ಚೆ ಎದ್ದಿತು. ಹೊಗೆಸೊಪ್ಪು ಹಾಕುತ್ತಿದ್ದ ನಮ್ಮಮ್ಮ ಬಾಯಿ ಕ್ಯಾನ್ಸರಿನಲ್ಲಿ ಹೋದವಳು. ಅವಳಿಗೂ ಶುರುವಾದದ್ದು ಮಚ್ಚೆಯಿಂದಲೇ. ಮನೆಯಲ್ಲಿ ಯಾರಿಗೂ ಹೇಳದೆ ವಿದ್ಯಾರಣ್ಯಪುರದಲ್ಲಿ ಬಸ್ಸು ಹತ್ತಿ ಕಾಲೇಜಿಗೆ ಹೋದೆ.

ಬಾಯಿ ನೋಡಿದ, ಇನ್ನೂ ಕಲಿಯುತ್ತಿದ್ದ ಹುಡುಗಿಯ ಮುಖ ಬಿಳಿಚಿಕೊಂಡಿತು. ಇನ್ನೂ ಮೂರ್ನಾಲ್ಕು ತಲೆ ಬಗ್ಗಿದವು. ಇಂಗ್ಲಿಷಿನಲ್ಲಿ ಏನೇನೋ ಮಾತು, ನಡುವೆ 'ಬಯಾಪ್ಸಿ'. ಅಮ್ಮನ ಕಾಲದಲ್ಲಿ ಕೇಳಿದ್ದ ಪದ. ಕುರ್ಚಿಯಿಂದ ಎದ್ದು ಓಡಿದೆ.

ಮೆಟ್ಟಿಲ ಹತ್ತಿರ ಮೇಷ್ಟ್ರು ಅಡ್ಡ ನಿಂತರು. "ಎಲ್ಲಿಗ್ರಮ್ಮಾ? ಕತ್ತಿಗೆ ಕಟ್ಟಿರೋ ಬಟ್ಟೆ ನಮ್ದು, ಕೊಟ್ಟು ಹೋಗಿ."

ಬೆಂಚಿನ ಮೇಲೆ ಕೂರಿಸಿ ಪಕ್ಕದಲ್ಲೇ ಕೂತರು. "ಮೊದಲ್ನೇ ಬ್ಯಾಚಿಗೆ ಪೇಶೆಂಟೇ ಇರ್ಲಿಲ್ಲ ಕಣಮ್ಮ. ಹುಡುಗ್ರ ಕೈಲಿ ಹಲ್ಲು ಕೀಳಿಸ್ಕೊಳೋಕೆ ಯಾರು ಬರ್ತಾರೆ? ನನ್ನ ಬುದ್ಧಿ ಹಲ್ಲೇ ಕೀಳಿ ಅಂತ ಬಾಯಿ ತೆಗೆದೆ. ಒಬ್ಬ ಹುಡುಗ ಇಕ್ಕಳ ಹಿಡ್ಕೊಂಡು ಬಂದ, ನನಗೆ ನೆನಪಿದ್ದ ದೇವ್ರೆಲ್ಲ ನಾಲಿಗೆ ಮೇಲೆ ಬಂದ್ರು."

ಆಮೇಲೆ ಆ ಹುಡುಗಿಯನ್ನು ಕರೆದರು. "ಹೆದರಿರೋರ ತಲೆ ಮೇಲೆ ಇಂಗ್ಲಿಷ್ ಮಾತಾಡ್ತಾರೇನಮ್ಮ? ಮೊದ್ಲು ಅವ್ರನ್ನ ಕೇಳು."

ಕರ್ಪೂರದ ವಿಷಯ ಹೇಳಿದೆ. ಅವರು ನಗಲಿಲ್ಲ. "ಸುಟ್ಟಿದ್ದೂ ಇರಬಹುದು. ಆದ್ರೆ ಬರೀ ಬಾಯ್ಮಾತಲ್ಲಿ ಏನೂ ಇಲ್ಲ ಅನ್ನಲ್ಲ ನಾನು. ಕರ್ಪೂರ ಬಿಡಿ, ಎರಡು ವಾರ ನೋಡೋಣ. ಮಾಯದೇ ಇದ್ರೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀವಿ."

ಆ ದಿನಗಳಲ್ಲಿ ಒಲೆ ಮುಂದೆ, ಪೂಜೆಯಲ್ಲಿ, ಎಲ್ಲೇ ಇದ್ದರೂ ನಾಲಿಗೆ ಆ ಮಚ್ಚೆಯನ್ನೇ ತಡವುತ್ತಿತ್ತು. ಮಚ್ಚೆ ಸಣ್ಣದಾಯಿತು, ಅಂಚಿನಲ್ಲಿ ಮಾತ್ರ ಉಳಿಯಿತು. ಚೂರು ತೆಗೆದವಳು ಅದೇ ಹುಡುಗಿ; ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು.

ರಿಪೋರ್ಟಿಗೆಂದು ಹೋದ ದಿನ ಕಾಲೇಜಿನ ಗೇಟು ಅರ್ಧ ಮುಚ್ಚಿತ್ತು. ಒಳಗೆ ಮೇಷ್ಟ್ರ ಫೋಟೋ, ಅದಕ್ಕೆ ಹಾರ. ಹಿಂದಿನ ರಾತ್ರಿ ಹೃದಯ ನಿಂತಿತಂತೆ. ಇಂಥ ಹೊತ್ತಿನಲ್ಲಿ ನನ್ನ ರಿಪೋರ್ಟಿನ ವಿಷಯ ಯಾರನ್ನು ಕೇಳಲಿ? ಕೇಳದೆ ಮನೆಗೆ ಹೋಗುವುದಾದರೂ ಹೇಗೆ? ಕಾಂಪೌಂಡಿನ ಗೋಡೆ ಹಿಡಿದು ನಿಂತೆ.

ಆ ಹುಡುಗಿ ನನ್ನನ್ನು ಕಂಡು ಗುಂಪು ಬಿಟ್ಟು ಓಡಿ ಬಂದಳು. ಅತ್ತು ಅತ್ತು ಕಣ್ಣು ಊದಿತ್ತು. ದೂರದಿಂದಲೇ ಹೇಳಿದಳು: "ಕ್ಯಾನ್ಸರ್ ಅಲ್ಲ ಆಂಟಿ, ಸುಟ್ಟಿದ್ದಷ್ಟೇ. ನಿನ್ನೆ ಸಾಯಂಕಾಲ ಸರ್‌ ಕೂಡ ನೋಡಿದ್ರು." ಅಷ್ಟು ಹೇಳಿ ನನ್ನ ಹೆಗಲಿಗೆ ತಲೆಯಿಟ್ಟು ಬಿಕ್ಕಿದಳು.

ನನಗೆ ಮೊದಲು ಬಂದದ್ದು ಉಸಿರು. ಅಳು ಆಮೇಲೆ ಬಂತು. ಆ ಸಂಜೆ ದೀಪ ಹಚ್ಚಿ, ನನ್ನನ್ನು ಉಳಿಸಿದ್ದಕ್ಕೆ ಕೈ ಮುಗಿಯಲೋ ಅವರಿಗೆ ಸದ್ಗತಿ ಬೇಡಲೋ ತಿಳಿಯದೆ, ಎರಡಕ್ಕೂ ಸೇರಿಸಿ ಒಂದೇ ನಮಸ್ಕಾರ ಹಾಕಿದೆ.