ಹಿಂಬಾಗಿಲ ಮೊಳೆಯ ನೀಲಿ ಮಗ್ಗು

ಆ ಮನುಷ್ಯ ಸಾಕಿದ್ದ ನಾಯಿಗಳ ಹೆಸರೆಲ್ಲ ನನಗೆ ಬಾಯಿಪಾಠ. ಒಟ್ಟು ಹನ್ನೊಂದು. ಯಾವುದು ಯಾವ ಕಾಯಿಲೆಯಿಂದ ಸತ್ತಿತು, ಯಾವ ಮರದ ಕೆಳಗೆ ಹೂಳಿದರು, ಯಾವುದಕ್ಕೆ ಕಲ್ಲು ನೆಡಿಸಿದರು, ಎಲ್ಲವನ್ನೂ ಮುದ್ದಾದ ಅಕ್ಷರದಲ್ಲಿ ಬರೆದಿಟ್ಟಿದ್ದಾನೆ. ಅವನ ಕಾಫಿ ತೋಟದಲ್ಲಿ ದುಡಿದು ಸತ್ತ ಒಬ್ಬನೇ ಒಬ್ಬ ಮನುಷ್ಯನ ಹೆಸರಾದರೂ ಆ ಎರಡು ಟ್ರಂಕುಗಳಲ್ಲಿ ಸಿಗುತ್ತದೇನೋ ಎಂದು ನಾಲ್ಕು ತಿಂಗಳು ಹುಡುಕಿದೆ. ಸಿಗಲಿಲ್ಲ.

ನಾನು ಈ ಕೆಲಸಕ್ಕೆ ಬಿದ್ದದ್ದು ಹೊತ್ತು ಹೋಗದೆ. ಮೈಸೂರಿನಲ್ಲಿ ಲೈಬ್ರರಿಯೊಂದರಲ್ಲಿ ಹಳೆಯ ಕಾಗದಪತ್ರಗಳ ಪಟ್ಟಿ ಮಾಡುತ್ತಿದ್ದವಳು ನಾನು. ಗಂಡನಿಗೆ ನೈರೋಬಿಯ ಔಷಧಿ ಕಾರ್ಖಾನೆಯಲ್ಲಿ ಕೆಲಸವಾಗಿ, ಆರು ವರ್ಷದ ಹಿಂದೆ ಪಾರ್ಕ್‌ಲ್ಯಾಂಡ್ಸ್‌ನ ಫ್ಲಾಟಿಗೆ ಬಂದೆವು. ಇಲ್ಲಿ ಪುಸ್ತಕ ಓದುವವರ ಗುಂಪೊಂದರಲ್ಲಿ ಇಂಗ್ಲೆಂಡಿನ ಹೆಂಗಸೊಬ್ಬರ ಪರಿಚಯವಾಯಿತು. ಎಪ್ಪತ್ತೈದು ದಾಟಿದವರು, ರಜೆಗೆ ಬಂದಿದ್ದರು. ಅವರ ಅಜ್ಜ ಬ್ರಿಟಿಷರ ಆಳ್ವಿಕೆಯ ಶುರುವಿನಲ್ಲೇ ಇಲ್ಲಿಗೆ ಬಂದು, ಊರಾಚೆ ಕಣ್ಣಿಗೆ ಕಂಡಷ್ಟು ಭೂಮಿ ಹಿಡಿದು, ಕಲ್ಲಿನ ಮನೆ ಕಟ್ಟಿದವನು. ಮನೆತನದ ಚರಿತ್ರೆಯನ್ನು ಪುಸ್ತಕ ಮಾಡಬೇಕು, ಕಾಗದಗಳನ್ನೆಲ್ಲ ಓದಿ ವಂಶಾವಳಿ ಸಿದ್ಧಮಾಡಿ ಕೊಡುತ್ತೀರಾ ಎಂದು ಕೇಳಿದರು. ನಾನು ಕುಣಿದುಕೊಂಡು ಒಪ್ಪಿದೆ. ಮನಸ್ಸಿನಲ್ಲೇ ಆಕೆಗೆ ಮೊಮ್ಮಗಳಮ್ಮ ಎಂದು ಹೆಸರಿಟ್ಟೆ. ಆಕೆ ಊರಿಗೆ ಹೋದ ಮೇಲೆ ಪ್ರತಿ ಮಂಗಳವಾರ ಕಿಲೆಲೆಶ್ವಾ ಬಡಾವಣೆಯಲ್ಲಿ ಅವರ ಸ್ನೇಹಿತರ ಫ್ಲಾಟಿಗೆ ಹೋಗಿ ಆ ಕಾಗದಗಳ ಟ್ರಂಕಿನ ಮುಂದೆ ಕೂರುವುದು ರೂಢಿಯಾಯಿತು.

ಮೂರನೆಯ ಮಂಗಳವಾರಕ್ಕೇ ನನಗೆ ಹೇಸಿಗೆ ಶುರುವಾಗಿತ್ತು. ಜಿರಳೆ ಹಿಕ್ಕೆಗೆ, ಮುಗ್ಗಲು ವಾಸನೆಗೆ ನಾನು ಹೆದರುವವಳಲ್ಲ. ಆದರೆ ಆ ಮಹಾಶಯ ತನ್ನ ತಾಯಿಗೆ ಬರೆದ ಪತ್ರಗಳಿದ್ದವಲ್ಲ! ನೀನು ಕಳಿಸಿದ ಕಿತ್ತಳೆ ಮುರಬ್ಬ ತುಂಬ ರುಚಿಯಾಗಿತ್ತು ಎನ್ನುತ್ತಾನೆ. ಮುಂದಿನ ಸಾಲಿನಲ್ಲೇ, ದನ ಕಾಯುವವನೊಬ್ಬ ಕರು ಕಳೆದುಕೊಂಡು ಬಂದ, ಕಿಬೋಕೊದಲ್ಲಿ ಬಾರಿಸಿದೆ, ಎರಡು ದಿನ ಏಳಲಿಲ್ಲ ಎನ್ನುತ್ತಾನೆ. ಕಿಬೋಕೊ ಎಂದರೆ ನೀರಾನೆಯ ಚರ್ಮದ ಚಾವಟಿ. ಅದರ ಮುಂದಿನ ಸಾಲಿನಲ್ಲಿ ಮಳೆ ಚೆನ್ನಾಗಿ ಆಗುತ್ತಿದೆ. ಮುರಬ್ಬ, ಚಾವಟಿ, ಮಳೆ, ಎಲ್ಲಕ್ಕೂ ಒಂದೇ ಶಾಯಿ, ಒಂದೇ ದನಿ. ಓದಿ ಮುಗಿಸಿ ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡೆ. ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ.

ಎರಡನೆಯ ಟ್ರಂಕಿನ ಮೇಲೆ ಒಂದು ಫೈಲು ಇತ್ತು. ಅದರಲ್ಲಿ ನೈರೋಬಿಯದೇ ಪಂಗಾನಿ ಬಡಾವಣೆಯ ಒಬ್ಬರು ಮೊಮ್ಮಗಳಮ್ಮನಿಗೆ ಬರೆದ ಏಳು ಪತ್ರಗಳು. ಫೈಲಿನ ಮೇಲೆ ಆಕೆಯ ಕೈಬರಹದಲ್ಲಿ ‘ಉಪದ್ರವ’ ಎಂಬರ್ಥದ ಇಂಗ್ಲಿಷ್ ಪದ. ಪತ್ರಗಳು ಹೇಳುತ್ತಿದ್ದುದು ಇಷ್ಟೇ: ನನ್ನ ಅಜ್ಜಿ ನಿಮ್ಮ ಅಜ್ಜನ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅವಳಲ್ಲಿ ನಿಮ್ಮ ಅಜ್ಜನಿಗೆ ಹುಟ್ಟಿದವನು ನನ್ನ ತಂದೆ. ಏಳು ವರ್ಷದವರೆಗೆ ಆ ಕಲ್ಲಿನ ಮನೆಯಲ್ಲೇ ಬೆಳೆದ, ಆಮೇಲೆ ಮಿಷನ್ ಶಾಲೆಗೆ ಕಳಿಸಿಬಿಟ್ಟರು. ನನಗೆ ಭೂಮಿ ಬೇಡ, ಏನೂ ಬೇಡ. ಪುಸ್ತಕದಲ್ಲಿ ಅವನ ತಂದೆಯ ಹೆಸರಿನ ಕೆಳಗೆ ಅವನ ಹೆಸರು ಬರಲಿ. ರಕ್ತಪರೀಕ್ಷೆಗೂ ಸಿದ್ಧನಿದ್ದೇನೆ. ಒಂದಕ್ಕೂ ಉತ್ತರ ಹೋಗಿರಲಿಲ್ಲ.

ನಾನೇ ಫೋನು ಮಾಡಿ ಪಂಗಾನಿಗೆ ಹೋದೆ. ನಿವೃತ್ತ ಮೇಷ್ಟ್ರು, ಬೀದಿಯವರೆಲ್ಲ ಮ್ವಾಲಿಮು ಎಂದೇ ಕರೆಯುತ್ತಾರೆ. ಮೇಷ್ಟ್ರು ಎಂದೇ ಅದರ ಅರ್ಥ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಮನೆಯಲ್ಲಿದ್ದ ಅತಿ ಒಳ್ಳೆಯ ಕಪ್ಪುಸಾಸರಿನಲ್ಲಿ ನನಗೆ ಚಹಾ ಕೊಟ್ಟರು. ಆಮೇಲೆ ಬೀರುವಿನಿಂದ ಟವೆಲಿನಲ್ಲಿ ಸುತ್ತಿದ ಒಂದು ಮಗ್ಗು ತೆಗೆದರು. ನೀಲಿ ಎನಾಮಲಿನದು, ಅಂಚೆಲ್ಲ ಕಿತ್ತುಹೋಗಿತ್ತು.

“ನನ್ನ ತಂದೆ ಆ ಮನೆಯಿಂದ ತಂದದ್ದು ಇದೊಂದೇ. ಇದರಲ್ಲಿ ಕುಡಿಯೋಕೆ ನಮ್ಮನ್ನ ಬಿಡ್ತಿರಲಿಲ್ಲ. ಯಾಕೆ ಅಂತ ಹೇಳಲೂ ಇಲ್ಲ,” ಅಂದರು.

ಮಟಾಟು ವ್ಯಾನು ಹಿಡಿದು ಮನೆಗೆ ಬರುವಾಗ ಲೆಕ್ಕ ಹಾಕಿದೆ. ಈ ಮೇಷ್ಟ್ರು, ಆ ಮೊಮ್ಮಗಳಮ್ಮ ಇಬ್ಬರೂ ಒಬ್ಬನೇ ಅಜ್ಜನ ಗಂಡುಮಕ್ಕಳ ಮಕ್ಕಳು. ನಮ್ಮ ಕಡೆಯಾಗಿದ್ದರೆ ಅಣ್ಣ ತಂಗಿ. ಒಬ್ಬರು ಹೋದರೆ ಇನ್ನೊಬ್ಬರಿಗೆ ಸೂತಕ. ಇಲ್ಲಿ ನೋಡಿದರೆ ಅಣ್ಣ ಎಂಬುವನು ಒಂದು ಫೈಲಿನೊಳಗಿನ ಉಪದ್ರವ.

ವಿಡಿಯೊ ಕರೆಯಲ್ಲಿ ಮೊಮ್ಮಗಳಮ್ಮನಿಗೆ ಹೇಳಿದೆ. “ಆ ಮನೆಯಲ್ಲಿ ನನ್ನ ಅಪ್ಪ, ಅತ್ತೆಯಂದಿರು ಬಿಟ್ಟರೆ ಬೇರೆ ಮಗುವೇ ಇರಲಿಲ್ಲ. ಇದ್ದದ್ದಕ್ಕೆ ಒಂದು ಅಕ್ಷರ ತೋರಿಸಿ,” ಅಂದರು.

ತೋರಿಸಿದೆ. ಐದು ವಾರ ಬೇಕಾಯಿತು. ದೊರೆಸಾನಿಯ, ಅಂದರೆ ಮೊಮ್ಮಗಳಮ್ಮನ ಅಜ್ಜಿಯ, ಅಡುಗೆಮನೆ ಪುಸ್ತಕದಲ್ಲಿ ಪಾತ್ರೆಗಳ ಪಟ್ಟಿಯಿತ್ತು. ಬೆಳ್ಳಿ ಚಮಚಗಳು, ಮಕ್ಕಳ ಪಿಂಗಾಣಿ ತಟ್ಟೆಗಳು ಆದ ಮೇಲೆ ಒಂದು ಸಾಲು: ನೀಲಿ ಎನಾಮಲ್ ಮಗ್ಗು ಒಂದು, ಹುಡುಗನದು. ಹಿಂಬಾಗಿಲ ಮೊಳೆಗೆ ತೂಗುಹಾಕಬೇಕು. ಮಕ್ಕಳ ಪಾತ್ರೆಗಳ ಜೊತೆ ತೊಳೆಯಕೂಡದು.

ನನಗಿಂತ ಮೊದಲು ಇಂಗ್ಲೆಂಡಿನ ಇಬ್ಬರು ಈ ಅಡುಗೆಮನೆ ಪುಸ್ತಕವನ್ನು ಓದಿ ಟಿಪ್ಪಣಿ ಮಾಡಿದ್ದರು. ಇಬ್ಬರೂ ಆ ಸಾಲನ್ನು ದಾಟಿಕೊಂಡು ಹೋಗಿದ್ದರು. ನನಗೆ ಮಾತ್ರ ಕಣ್ಣು ಅಲ್ಲೇ ನಿಂತಿತು. ಆಳುಗಳ ಪಾತ್ರೆ ಪಡಗ ಮನೆಯ ಪಟ್ಟಿಯಲ್ಲಿ ಬರುವುದೇ ಇಲ್ಲ, ಅವು ಅವರ ಗುಡಿಸಿಲಿನಲ್ಲಿರುತ್ತವೆ. ಮನೆಯೊಳಗೇ ಉಣ್ಣಬೇಕಾದ, ಆದರೆ ಮನೆಯವನು ಅನ್ನಿಸಿಕೊಳ್ಳಬಾರದ ಮಗುವಿಗೆ ಮಾತ್ರ ಇಂಥ ಮಗ್ಗು ಬೇಕಾಗುತ್ತದೆ. ಇದು ಯಾವ ಲೈಬ್ರರಿಯೂ ಕಲಿಸಿದ ವಿದ್ಯೆಯಲ್ಲ. ಅದು ನನಗೆ ಹೇಗೆ ಗೊತ್ತು ಎಂಬ ಪ್ರಶ್ನೆಯನ್ನು ಆ ದಿನ ನಾನು ಕೇಳಿಕೊಳ್ಳಲಿಲ್ಲ. ಪುಟದ ಫೋಟೊ, ಮೇಷ್ಟ್ರ ಮಗ್ಗಿನ ಫೋಟೊ ಎರಡನ್ನೂ ಜೊತೆ ಮಾಡಿ ಕಳಿಸಿದೆ.

ಮೊಮ್ಮಗಳಮ್ಮ ಮಾರನೆಯ ದಿನವೇ ಕರೆ ಮಾಡಿದರು. ಮುಖದಲ್ಲಿ ಇಷ್ಟಗಲ ನಗು. “ಎಷ್ಟು ಮುದ್ದಾಗಿದೆ! ನಮ್ಮಜ್ಜಿ ಕೆಲಸದವರ ಮಗುವಿಗೂ ಅವನದೇ ಒಂದು ಮಗ್ಗು ಇಟ್ಟಿದ್ದರು! ಮನೆಯ ಕೆಲಸದವರ ಅಧ್ಯಾಯದಲ್ಲಿ ಈ ಫೋಟೊ ಹಾಕೋಣ.”

“ಅದು ಅಕ್ಕರೆಯಲ್ಲ ಮೇಡಂ,” ಅಂದೆ.

“ಅಷ್ಟು ಖಚಿತವಾಗಿ ನಿಮಗೆ ಹೇಗೆ ಗೊತ್ತು?”

ಉತ್ತರ ನಾಲಗೆಯ ತುದಿಯಲ್ಲಿತ್ತು. ಆದರೆ ನೆಟ್‌ವರ್ಕ್ ಸರಿಯಿಲ್ಲ ಎಂದು ಸುಳ್ಳು ಹೇಳಿ ಕರೆ ಕಟ್ ಮಾಡಿದೆ.

ಏಕೆಂದರೆ ನನ್ನ ಅಡುಗೆಮನೆಯಲ್ಲಿ, ಸಿಂಕಿನ ಕೆಳಗೆ, ಸೋಪಿನಪುಡಿ ಡಬ್ಬದ ಹಿಂದೆ ಹಳದಿ ಹೂವಿನ ಒಂದು ಪ್ಲಾಸ್ಟಿಕ್ ಮಗ್ಗಿದೆ. ನಮ್ಮ ಮನೆಗೆಲಸದವಳದು. ಐವತ್ತೈದರ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವಳು. ನಮ್ಮ ಚಪಾತಿ ಲಟ್ಟಿಸುತ್ತಾಳೆ, ನಮ್ಮ ಲೋಟಗಳನ್ನು ತೊಳೆಯುತ್ತಾಳೆ. ಅವಳ ಬಾಯಿ ಮಾತ್ರ ಆ ಲೋಟಗಳಿಗೆ ತಾಕಬಾರದು. ಅತ್ತೆ ಹೇಳಿಕೊಟ್ಟದ್ದು ಎಂದು ಜಾರಿಕೊಳ್ಳುವ ಹಾಗೂ ಇಲ್ಲ, ಅವರು ಈ ಊರಿಗೆ ಕಾಲಿಟ್ಟೇ ಇಲ್ಲ. ನಾನೇ ಹೋಗಿ ಕೊಂಡು ತಂದದ್ದು, ಬಂದ ಮೊದಲ ವಾರದಲ್ಲೇ. ಒಮ್ಮೆ ಮಗಳು ಅದರಲ್ಲಿ ನೀರು ಹಿಡಿದಾಗ ಕಿತ್ತುಕೊಂಡಿದ್ದೆ. “ವೈ, ಅಮ್ಮಾ?” ಅಂದಳು. “ಬೇಡ ಅಂದ್ರೆ ಬೇಡ,” ಅಂದಿದ್ದೆ. ಇನ್ನೊಬ್ಬರ ಅಜ್ಜಿಯ ಮೇಲೆ ಮೂಗು ಮುರಿಯುತ್ತ ನಾಲ್ಕು ತಿಂಗಳು ಕಳೆದವಳು ನಾನು. ನನ್ನ ಮೇಲೆ ನನಗೇ ಛೀ ಅನ್ನಿಸಿತು.

ಗಂಡನಿಗೆ ಹೇಳಿದರೆ, “ನಿಂಗ್ಯಾಕೆ ಇಲ್ಲದ ಉಸಾಬರಿ? ಎಲ್ಲರ ಮನೇಲೂ ಇರುತ್ತೆ ಕಣೇ, ಹೈಜೀನ್ ಅಷ್ಟೆ,” ಅಂದರು. ಹೈಜೀನ್! ದೊರೆಸಾನಿಯನ್ನು ಕೇಳಿದ್ದರೆ ಅವಳೂ ಅದನ್ನೇ ಹೇಳುತ್ತಿದ್ದಳು.

ಪುಸ್ತಕ ಅಚ್ಚಿಗೆ ಹೋಗಲು ಎರಡು ವಾರವಿತ್ತು. ಒಮ್ಮೆ ಹೋದರೆ ಮೇಷ್ಟ್ರ ತಂದೆ ಆಳುಗಳ ಅಧ್ಯಾಯದಲ್ಲೇ ಉಳಿದುಬಿಡುತ್ತಿದ್ದರು. ಕೂತು ಮೊಮ್ಮಗಳಮ್ಮನಿಗೆ ಪತ್ರ ಬರೆದೆ. ಅದು ಅಕ್ಕರೆಯ ಮಗ್ಗಲ್ಲ, ಮನೆಯ ಮಗುವನ್ನು ಮನೆಯಿಂದ ಹೊರಗಿಡುವ ಮಗ್ಗು. ನನಗೆ ಹೇಗೆ ಗೊತ್ತೆಂದರೆ, ಒಬ್ಬ ಹೆಂಗಸನ್ನು ದೂರ ಇಡಲು ನನ್ನ ಮನೆಯಲ್ಲೂ ಒಂದಿದೆ. ಸೋಪಿನಪುಡಿ ಡಬ್ಬವನ್ನೂ ಬಿಡಲಿಲ್ಲ, ಮಗಳ ಕೈಯಿಂದ ಕಿತ್ತದ್ದನ್ನೂ ಬಿಡಲಿಲ್ಲ.

ಆ ಪತ್ರ ಏನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ. ನಿಮ್ಮವರಲ್ಲಿ ಈಗಲೂ ಇಂಥ ಪದ್ಧತಿಯಿದೆಯೆಂದು ಓದಿ ಅಸಹ್ಯವಾಯಿತು ಎಂದು ಮೊಮ್ಮಗಳಮ್ಮ ಉತ್ತರ ಬರೆದರು. ಅಸಹ್ಯವಂತೆ, ಆಕೆಗೆ! ಆದರೂ ಅದರಿಂದ ಕೆಲಸವಾಯಿತು, ಅದು ಅಕ್ಕರೆಯ ಮಗ್ಗೆಂದು ಆಕೆ ಮತ್ತೆ ವಾದಿಸಲಿಲ್ಲ. ಬಂದ ಪುಸ್ತಕದಲ್ಲಿ ಅಜ್ಜನ ಹೆಸರಿನ ಕೆಳಗೆ, ಒಂದು ಮೂಲೆಯಲ್ಲಿ, ಮೇಷ್ಟ್ರ ತಂದೆಯ ಹೆಸರಿತ್ತು. ಉಳಿದವರಿಗೆಲ್ಲ ನೇರ ಗೆರೆ, ಅವರಿಗೆ ಮಾತ್ರ ಚುಕ್ಕಿ ಗೆರೆ. ಮೇಷ್ಟ್ರಿಗೆ ಒಯ್ದು ತೋರಿಸಿದೆ. ಅವರು ಸ್ಕೇಲು ತರಿಸಿ, ಜೇಬಿನ ಪೆನ್ನು ತೆಗೆದು, ಚುಕ್ಕಿಗಳನ್ನೆಲ್ಲ ಸೇರಿಸಿ ಒಂದೇ ಗೆರೆ ಎಳೆದರು.

ಆದರೆ ನನಗೆ ಮರೆಯಲಾಗದ್ದು ಅದಕ್ಕೂ ಮೊದಲಿನ ಒಂದು ಬೆಳಿಗ್ಗೆ. ಮೇಷ್ಟ್ರ ತಂದೆಯ ವಿಷಯವಾದ್ದರಿಂದ ಪತ್ರವನ್ನು ಅವರಿಗೆ ತೋರಿಸದೆ ಕಳಿಸುವುದು ಸರಿಯಲ್ಲ ಎಂದು ಮನೆಗೆ ಕರೆದಿದ್ದೆ. ಹಾಲ್‌ನಲ್ಲಿ ಕೂತು ಎರಡು ಸಲ ಓದಿದರು. ಹೊಗಳುತ್ತಾರೆ ಎಂದುಕೊಂಡಿದ್ದೆ, ಸುಳ್ಳೇಕೆ ಹೇಳಲಿ. ಅವರು ಕನ್ನಡಕ ತೆಗೆದು ಅಡುಗೆಮನೆಯ ಕಡೆ ನೋಡಿದರು.

“ಒಳಗಿದ್ದಾರಲ್ಲ, ಅವರಿಗೆ ಗೊತ್ತೇ, ನೀವು ಇದನ್ನು ಇಂಗ್ಲೆಂಡಿಗೆ ಬರೆದಿರೋದು?”

“ಇಲ್ಲ.”

“ಹಾಗಾದರೆ ಮೊದಲು ಅವರಿಗೆ ಹೇಳಿ. ಆಮೇಲೆ ಕಳಿಸಿ.”

ಹಾಲ್‌ನಿಂದ ಅಡುಗೆಮನೆಗೆ ಎಂಟು ಹೆಜ್ಜೆ. ಸಾವಿರಾರು ಮೈಲಿ ದೂರದ ಹೆಂಗಸಿಗೆ ಮೂರು ಪುಟ ಬರೆದಿದ್ದೆ, ಎಂಟು ಹೆಜ್ಜೆ ದೂರದವಳಿಗೆ ಒಂದು ಮಾತು ಆಡಿರಲಿಲ್ಲ. ಅವಳು ಸೊಪ್ಪು ಹೆಚ್ಚುತ್ತಿದ್ದಳು. ನನ್ನ ಹರಕುಮುರುಕು ಸ್ವಾಹಿಲಿಯಲ್ಲಿ, ನಡುವೆ ಇಂಗ್ಲಿಷ್ ಸೇರಿಸಿ, ಆ ಹಳದಿ ಹೂವಿನ ಮಗ್ಗನ್ನು ಯಾಕೆ ಬೇರೆ ಇಟ್ಟಿದ್ದೆ ಎಂದು ಹೇಳಿದೆ. ತಪ್ಪಾಯಿತು ಎಂದೂ ಹೇಳಿದೆ. ಅವಳ ಚಾಕು ನಿಲ್ಲಲಿಲ್ಲ.

“ಗೊತ್ತು ಮೇಡಂ,” ಅಂದಳು. “ಹಿಂದಿನ ಮನೆಯವರು ಖಾಲಿ ಜಾಮ್ ಬಾಟಲಿ ಕೊಟ್ಟಿದ್ದರು, ಬಿಸಿ ಚಹಾ ಹಾಕಿದರೆ ಕೈ ಸುಡ್ತಿತ್ತು. ನಿಮ್ಮದಕ್ಕೆ ಹಿಡಿಯಾದರೂ ಇದೆ.”