ಓದು ಬಾರದ ದುಕ್ತೂರಾ

ಟೀಚರುಗಳ ಕೋಣೆಗೆ ನಾನು ಕಾಲಿಟ್ಟ ಕೂಡಲೇ ಅಲ್ಲಿಯ ಮಾತು ನಿಲ್ಲುತ್ತಿತ್ತು. ಅವರು ಆಡುತ್ತಿದ್ದುದು ಅರಬ್ಬಿ. ನನಗೆ ಅದರಲ್ಲಿ ಒಂದಕ್ಷರವೂ ತಿಳಿಯದು ಎಂಬುದು ಅವರಿಗೂ ಗೊತ್ತಿತ್ತು. ಆದರೂ ನಿಲ್ಲುತ್ತಿತ್ತು. ನಾನು ಸಲಾಂ ಹೇಳುತ್ತಿದ್ದೆ, ಅವರೂ ಹೇಳುತ್ತಿದ್ದರು. ಯಾರಾದರೂ ಎದ್ದು ಕುರ್ಚಿ ತೋರಿಸುತ್ತಿದ್ದರು. ನಾನು ಥ್ಯಾಂಕ್ಸ್ ಹೇಳಿ ಹೊರಗೆ ಬರುತ್ತಿದ್ದೆ. ಬಾಗಿಲು ಮುಚ್ಚಿಕೊಂಡ ಮೇಲೆ ಮಾತು ಮತ್ತೆ ಶುರುವಾಗುವುದು ಕೇಳಿಸುತ್ತಿತ್ತು.

ನನ್ನ ಕೆಲಸ ಇಂಗ್ಲಿಷ್ ಟೀಚರುಗಳಿಗೆ ಸಲಹೆ ಕೊಡುವುದು. ಅಬುಧಾಬಿಯ ಪಶ್ಚಿಮಕ್ಕೆ ಮರಳುಗಾಡಿನ ಊರಾದ ಮದೀನತ್ ಜಾಯೆದಿನ ಒಂದು ಹೆಣ್ಣುಮಕ್ಕಳ ಶಾಲೆಗೆ ಕಂಪನಿಯವರು ನನ್ನನ್ನು ಹಾಕಿದ್ದರು. ತರಗತಿಯ ಹಿಂದೆ ಒಂದು ಕುರ್ಚಿ ಹಾಕಿಕೊಂಡು ಪಾಠ ನೋಡಬೇಕು, ಆಮೇಲೆ ಟೀಚರ ಜೊತೆ ಕೂತು ಮಾತಾಡಬೇಕು, ಆಗಾಗ ಇಬ್ಬರೂ ಸೇರಿ ಪಾಠ ಮಾಡಬೇಕು. ಇನ್‌ಸ್ಪೆಕ್ಷನ್ ಅಲ್ಲ ಎಂದು ನಾನು ಹೇಳುತ್ತಲೇ ಇದ್ದೆ. ಹಿಂದೆ ಕೂತು ಬರೆಯುವವರು ಹಾಗೆ ಹೇಳಿದರೆ ಯಾರು ನಂಬುತ್ತಾರೆ?

ಹಿಂದಿನ ಜಾಗ ನನಗೆ ಹೊಸದಲ್ಲ. ಊರಿನ ಸರಕಾರಿ ಶಾಲೆಯಲ್ಲೂ ನನ್ನದು ಕೊನೆಯ ಬೆಂಚೇ. ಅಮ್ಮ ಬೀಡಿ ಕಟ್ಟುತ್ತಿದ್ದಳು. ಬೆಳಿಗ್ಗೆ ನಾನು ಕಟ್ಟಿದ ಬೀಡಿ ಆಯ್ದು ಕೊಳ್ಳುವ ಬೀಡಿ ಬ್ರಾಂಚಿಗೆ ಕಟ್ಟು ಕೊಟ್ಟು ಓಡಿ ಬರುವಾಗ ಗಂಟೆ ಹೊಡೆದಿರುತ್ತಿತ್ತು. ನನ್ನ ಲಂಗಕ್ಕೂ ಪುಸ್ತಕಕ್ಕೂ ಹೊಗೆಸೊಪ್ಪಿನ ವಾಸನೆ. ಪಕ್ಕದಲ್ಲಿ ಕೂರುವವರು ಮೂಗು ಮುಚ್ಚುತ್ತಿದ್ದರು. ಅದೇ ಬೆಂಚಿನಿಂದ ಎದ್ದು ನಾನು ಡಿಗ್ರಿ ಮಾಡಿದೆ, ಬಿ.ಎಡ್. ಮಾಡಿದೆ, ಎಂ.ಎ. ಮಾಡಿದೆ. ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ, ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ಹಿಂದೆ ಕೂರುವುದಕ್ಕೆ ಈಗ ಸಂಬಳ ಕೊಡುತ್ತಾರೆ ಎಂದು ನೆನೆದು ಮೊದಮೊದಲು ನಗು ಬರುತ್ತಿತ್ತು.

ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ಬಸ್ಸಿನ ಬೋರ್ಡಿನಲ್ಲಿ ನಮ್ಮೂರಿನ ಹೆಸರಿನ ಮೊದಲ ಅಕ್ಷರದ ಸುರುಳಿಯನ್ನು ಗುರುತಿಟ್ಟುಕೊಂಡಿದ್ದಳು. ಅಷ್ಟನ್ನು ನೋಡಿ ಹತ್ತುತ್ತಿದ್ದಳು. ನಾನು ಇಲ್ಲಿಗೆ ಬರುವ ಮೊದಲೇ ಅವಳು ತೀರಿಕೊಂಡಿದ್ದಳು.

ಆ ಶಾಲೆಯಲ್ಲಿ ಮೂರನೆಯ ತರಗತಿಗೆ ಇಂಗ್ಲಿಷ್ ಕಲಿಸುವ ಈಜಿಪ್ಟಿನ ಒಬ್ಬ ಹಿರಿಯ ಟೀಚರಿದ್ದರು. ಈಗಿನ ಮಕ್ಕಳ ತಾಯಂದಿರಿಗೂ ಅವರೇ ಕಲಿಸಿದ್ದಂತೆ. ಉಳಿದ ಟೀಚರುಗಳು ಅವರ ಮುಖ ನೋಡಿಯೇ ಏನನ್ನಾದರೂ ಒಪ್ಪುತ್ತಿದ್ದರು ಅಥವಾ ಬಿಡುತ್ತಿದ್ದರು. ಮೊದಲ ದಿನ ಅವರು ನನ್ನನ್ನು ‘ದುಕ್ತೂರಾ’ ಎಂದು ಕರೆದರು. ಸಲಹೆಗೆ ಬರುವವರನ್ನೆಲ್ಲ ಅಲ್ಲಿ ಡಾಕ್ಟರು ಎಂದು ಕರೆಯುವ ರೂಢಿ. ನಾನು ಸುಮ್ಮನಿರಬಹುದಿತ್ತು. ಸಂಪಾದಿಸದ ಬಿರುದು ನನಗೆ ಬೇಡವೆಂದು, ನಾನು ಡಾಕ್ಟರಲ್ಲ, ಎಂ.ಎ. ಅಷ್ಟೇ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. ಆಮೇಲೆ ಬೇಕೆಂದೇ ಪ್ರತಿ ವಾಕ್ಯಕ್ಕೂ ಒಂದು ದುಕ್ತೂರಾ ಸೇರಿಸತೊಡಗಿದರು.

ನಾನು ಅವರ ತರಗತಿಗೆ ಹೋದಾಗಲೆಲ್ಲ ಮಕ್ಕಳ ಮುಂದೆ ಪ್ರಶ್ನೆಪತ್ರಿಕೆ ಇರುತ್ತಿತ್ತು.

“ಇವತ್ತು ಪರೀಕ್ಷೆ, ಯಾ ದುಕ್ತೂರಾ. ಕೂತುಕೊಳ್ಳಿ, ದಯವಿಟ್ಟು ಸದ್ದು ಮಾಡಬೇಡಿ.”

ನಾನು ಕೂರುತ್ತಿದ್ದೆ. ಪುಟ್ಟ ಹುಡುಗಿಯರು ತಲೆ ತಗ್ಗಿಸಿ ಬರೆಯುತ್ತಿದ್ದರು. ಎಸಿಯ ಸದ್ದೊಂದೇ. ನೋಡುವುದಕ್ಕೆ ಪಾಠವಿಲ್ಲ, ಹೇಳುವುದಕ್ಕೆ ಸಲಹೆಯಿಲ್ಲ. ಮುಂದಿನ ವಾರವೂ ಪರೀಕ್ಷೆ, ಅದರ ಮುಂದಿನ ವಾರವೂ. ಆ ಮಕ್ಕಳಷ್ಟು ಪರೀಕ್ಷೆ ಬರೆದವರು ಆ ಇಡೀ ಪ್ರಾಂತದಲ್ಲಿ ಇರಲಿಕ್ಕಿಲ್ಲ. ಈ ಉಪಾಯವನ್ನು ಉಳಿದ ಟೀಚರುಗಳೂ ಕಲಿತರು. ನಾನು ಕಾರಿಡಾರಿನಲ್ಲಿ ಕಂಡರೆ ಸಾಕು, ಆಚೀಚೆಯ ಕೋಣೆಗಳಲ್ಲಿ ಕಾಗದ ಹಂಚುವ ಸದ್ದು ಕೇಳುತ್ತಿತ್ತು.

ಅವರ ಕೋಪಕ್ಕೆ ಕಾರಣವಿತ್ತು. ಅದನ್ನು ನನಗೆ ಹೇಳಿದವಳು ಇಲ್ಲಿಯವಳೇ ಆದ ಒಬ್ಬ ಚಿಕ್ಕ ವಯಸ್ಸಿನ ಟೀಚರು. ನನಗಿಂತ ಮೊದಲು ಬಂದಿದ್ದ ಸಲಹೆಗಾರರೊಬ್ಬರು ಹೀಗೇ ಹಿಂದೆ ಕೂತು, ನಗುನಗುತ್ತಾ ಬರೆದುಕೊಂಡು ಹೋಗಿದ್ದರಂತೆ. ಮರು ವರ್ಷ ಈ ಹಿರಿಯ ಟೀಚರ ಗೆಳತಿಯ ಕೆಲಸ ಹೋಯಿತಂತೆ. ಕೆಲಸ ಹೋದರೆ ಇಲ್ಲಿ ವೀಸಾ ಹೋಯಿತು, ಮನೆ ಹೋಯಿತು, ಮಕ್ಕಳ ಶಾಲೆ ಹೋಯಿತು. ಅದು ನನಗೂ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ.

ಶಾಲೆಯ ಆ ಟರ್ಮಿನ ಅವಧಿಯ ನಡುವೆ ಪ್ರಿನ್ಸಿಪಾಲರು ಕರೆದರು. ಒಳ್ಳೆಯ ಹೆಂಗಸು, ಸುತ್ತಿ ಬಳಸಿ ಮಾತಾಡುವವರಲ್ಲ. ಹಿರಿಯ ಟೀಚರು ಒಪ್ಪಿದರೆ ಉಳಿದವರೂ ಒಪ್ಪುತ್ತಾರೆ, ಈ ಅವಧಿ ಮುಗಿಯುವುದರೊಳಗೆ ಅವರ ತರಗತಿಯಲ್ಲಿ ನೀವಿಬ್ಬರೂ ಸೇರಿ ಒಂದು ಪಾಠ ಮಾಡಿ, ಇಲ್ಲವಾದರೆ ಬೇರೆಯವರನ್ನು ಕಳಿಸಿ ಎಂದು ಕಂಪನಿಗೆ ನಾನು ಬರೆಯಬೇಕಾಗುತ್ತದೆ ಎಂದರು. ಕಂಪನಿಯ ಕಚೇರಿ ಅಬುಧಾಬಿಯ ಖಾಲಿದಿಯಾದಲ್ಲಿ. ಒಂದು ಶಾಲೆ ಬೇಡವೆಂದವರನ್ನು ಅಲ್ಲಿ ಇನ್ನೊಂದು ಶಾಲೆಗೆ ಕಳಿಸುತ್ತಿರಲಿಲ್ಲ, ಊರಿಗೇ ಕಳಿಸುತ್ತಿದ್ದರು. ಬೀಡಿ ಬ್ರಾಂಚಿನ ಜಗಲಿಯಲ್ಲಿ ಕೂತವರು ‘ಇವಳನ್ನು ವಾಪಸ್ ಕಳಿಸಿದ್ರಂತೆ’ ಎಂದು ಹೇಳುವುದು ನನಗೆ ಪ್ರಿನ್ಸಿಪಾಲರ ಕೋಣೆಯಲ್ಲೇ ಕೇಳಿಸಿತು.

ಇದನ್ನು ಯಾರಲ್ಲಾದರೂ ಹೇಳಿಕೊಳ್ಳಬೇಕಿತ್ತು. ವಾರದ ಕೊನೆಗೆ ಬಸ್ಸು ಹಿಡಿದು ದುಬೈಗೆ, ಡಿಸ್ಕವರಿ ಗಾರ್ಡನ್ಸಿನಲ್ಲಿದ್ದ ಕಾಲೇಜು ಗೆಳತಿಯ ಮನೆಗೆ ಹೋದೆ. ಅವಳು ಸಂತೋಷದಿಂದ ಮೀನು ಕಾಯಿಸಿದಳು. ಗಂಡ ಫೋನಿನಲ್ಲಿ, ಅವಳು ಅಡುಗೆಮನೆಯಲ್ಲಿ. ಅವಳ ಮಗಳು ನನ್ನನ್ನು ಕೂಲಂಕಷವಾಗಿ ವಿಚಾರಿಸಿ, ಕೊನೆಗೆ, “ಸೋ ಆಂಟಿ, ಯು ಜಸ್ಟ್ ಸಿಟ್ ಅಂಡ್ ವಾಚ್?” ಎಂದಳು. ಹೌದು ಮಗಾ ಎಂದೆ. “ಲೈಕ್ ಎ ಸಿಸಿಟಿವಿ?” ಗೆಳತಿ ಒಳಗಿನಿಂದ ಗದರಿಸಿದಳು. ನಾನು ನಕ್ಕೆ. ಹೇಳಬೇಕೆಂದುಕೊಂಡು ಹೋದದ್ದನ್ನು ಹೇಳದೆ ವಾಪಸ್ ಬಂದೆ.

ಮದೀನತ್ ಜಾಯೆದಿನಲ್ಲಿ ನನಗೆ ಕನ್ನಡ ಸಿಗುತ್ತಿದ್ದುದು ಮನೆ ಕೆಳಗಿನ ದಿನಸಿ ಅಂಗಡಿಯಲ್ಲಿ ಮಾತ್ರ. ಅಂಗಡಿಯವರು ಉಳ್ಳಾಲ ಕಡೆಯ ಬ್ಯಾರಿಗಳು, ನಾನು ಕಾಕಾ ಎಂದು ಕರೆಯುತ್ತಿದ್ದೆ. ಮೊಸರು, ಬ್ರೆಡ್ಡು, ನೀರುಳ್ಳಿ ಒಟ್ಟಿಗೇ ತಂದರೆ ಒಂದೇ ಸಲ ಮಾತಾಡಿದಂತಾಗುತ್ತದೆಂದು ನಾನು ಒಂದೊಂದಕ್ಕೂ ಬೇರೆಬೇರೆಯಾಗಿ ಇಳಿಯುತ್ತಿದ್ದೆ. ಕಾಕಾ ಅದನ್ನು ಗಮನಿಸಿದ್ದರು. ಒಂದು ದಿನ, “ಟೀಚರೇ, ನಿಮ್ಮ ಫ್ರಿಜ್ಜು ಹಾಳಾಗಿದ್ಯಾ ಎಂತ?” ಎಂದು ಕೇಳಿದರು.

ಗುರುವಾರಗಳಂದು ಶಾಲೆಯಲ್ಲಿ ಟೀಚರುಗಳು ಒಟ್ಟಿಗೆ ತಿಂಡಿ ತಿನ್ನುತ್ತಿದ್ದರು. ಒಬ್ಬೊಬ್ಬರು ಒಂದೊಂದು ತರುವುದು, ಎಲ್ಲರೂ ಸುತ್ತ ಕೂತು ತಿನ್ನುವುದು. ಆಗ ನಾನು ಲೈಬ್ರರಿ ಪಕ್ಕದ ನನ್ನ ಪುಟ್ಟ ಕೋಣೆಯಲ್ಲಿ ಡಬ್ಬಿ ಬಿಚ್ಚುತ್ತಿದ್ದೆ. ಅವಧಿ ಮುಗಿಯುವ ಹೊತ್ತಿಗೆ ಪ್ರಿನ್ಸಿಪಾಲರೇ ಈ ಸಲ ನೀವೂ ಬರಬೇಕು ಎಂದು ಹೇಳಿಕಳಿಸಿದರು.

ಆ ಗುರುವಾರ ಬೆಳಿಗ್ಗೆ ಬೇಗ ಎದ್ದು ಪುಂಡಿ ಮಾಡಿದೆ. ಅಕ್ಕಿ ತರಿಗೆ ಕಾಯಿ ಹಾಕಿ ಕಾಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ, ಮೇಲೊಂದು ಚಟ್ನಿ. ಎಲ್ಲರಿಗಿಂತ ಮೊದಲೇ ಟೀಚರುಗಳ ಕೋಣೆಗೆ ಹೋದೆ. ಬರೀ ತಿನ್ನಲು ಬಂದವಳು ಅನ್ನಿಸಿಕೊಳ್ಳಬಾರದು, ಏನಾದರೂ ಕೈಗೆಲಸ ಮಾಡಬೇಕು ಎಂದು ಆಸೆ. ಮೇಜು ಖಾಲಿಯಿತ್ತು. ಬಿ.ಎಡ್. ಹಾಸ್ಟೆಲಿನಲ್ಲಿ ವಿಶೇಷದ ಊಟಕ್ಕೆ ನಾವು ಉದ್ದಕ್ಕೂ ಹಳೆಯ ಪೇಪರು ಹಾಸುತ್ತಿದ್ದೆವು; ಚೆಲ್ಲಿದರೂ ಚಿಂತೆಯಿಲ್ಲ, ಸುತ್ತಿ ಎಸೆದರಾಯಿತು. ಲೈಬ್ರರಿಯಲ್ಲಿ ಅರಬ್ಬಿ ಪತ್ರಿಕೆಗಳ ಕಟ್ಟು ಇತ್ತು. ತಂದು ಚೊಕ್ಕವಾಗಿ ಹಾಸಿದೆ. ನಡುವೆ ನನ್ನ ಪುಂಡಿಯ ಪಾತ್ರೆ ಇಟ್ಟೆ. ಕೋಣೆಯ ಮೂಲೆಯಲ್ಲಿದ್ದ ಖರ್ಜೂರದ ತಟ್ಟೆಯನ್ನೂ ಅದರ ಮೇಲೆ ತಂದಿಟ್ಟೆ.

ಟೀಚರುಗಳು ಬಂದರು. ಮಾತು ಎಂದಿನಂತೆ ನಿಂತಿತು. ಆದರೆ ಈ ಸಲ ಯಾರೂ ಕುರ್ಚಿ ತೋರಿಸಲಿಲ್ಲ. ಕೈಯಲ್ಲಿದ್ದ ಪಾತ್ರೆಗಳನ್ನು ಎದೆಗವಚಿಕೊಂಡು ನಿಂತೇ ಇದ್ದರು. ಆ ಚಿಕ್ಕ ಟೀಚರು ಹತ್ತಿರ ಬಂದು ಮೆಲ್ಲನೆ ಹೇಳಿದಳು: ಈ ಹಾಳೆಗಳಲ್ಲಿ ಎಲ್ಲಿ ಬೇಕಾದರೂ ದೇವರ ಹೆಸರು ಇರಬಹುದು ಮಿಸ್, ಜನರ ಹೆಸರುಗಳಲ್ಲೂ ಇರುತ್ತದೆ, ಇದರ ಮೇಲೆ ಊಟ ಇಡುವುದಿಲ್ಲ.

ಹಿಂದಿನಿಂದ ಹಿರಿಯ ಟೀಚರು ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದರು.

“ಬಿಡಿ. ದುಕ್ತೂರಾಗೆ ಓದಲು ಬರುವುದಿಲ್ಲ.”

ನನ್ನ ಜೀವನದಲ್ಲಿ ನನಗೆ ಬೇರೆ ಏನೇನೋ ಹೇಳಿದ್ದಾರೆ. ಇದನ್ನು ಯಾರೂ ಹೇಳಿರಲಿಲ್ಲ. ಬ್ರಾಂಚಿನಲ್ಲಿ ಬೀಡಿ ತಿರಸ್ಕರಿಸುವಾಗ ಅಮ್ಮನಿಗೆ ಇದೇ ಮಾತು ಹೇಳುತ್ತಿದ್ದರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಾತು ನಿಜವಿತ್ತು. ಆ ಕೋಣೆಯಲ್ಲಿ ಓದು ಬಾರದವಳು ನಾನೊಬ್ಬಳೇ.

ತಪ್ಪಾಯಿತು ಎಂದು ಪಾತ್ರೆ ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟೆ. ಹಾಳೆಗಳನ್ನು ಗಡಿಬಿಡಿಯಲ್ಲಿ ಮಡಚುವಾಗ ಒಂದು ಜಾರಿ ಕೆಳಗೆ ಬಿತ್ತು. ಹಿಂದೆ ಸರಿಯಲು ಹೋಗಿ ಅದನ್ನೇ ತುಳಿದೆ. ಆಮೇಲೆ ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. ಬಗ್ಗಿ, ಹಾಳೆಯನ್ನು ಬಲಗೈಯಿಂದ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡೆ. ಮತ್ತೊಂದು ಸಲ ಮುಟ್ಟಿ, ಮತ್ತೊಂದು ಸಲ ಒತ್ತಿಕೊಂಡೆ. ಎತ್ತಿ ಕಪಾಟಿನ ಮೇಲಿಟ್ಟೆ.

ಹಿರಿಯ ಟೀಚರು ಮುಂದೆ ಬಂದರು.

“ಅದೇನು ಮಾಡಿದಿರಿ?”

“ಕಾಲು ತಾಗಿತು.”

“ಅದಕ್ಕೆ?”

“ಅಮ್ಮ ಕಲಿಸಿದ್ದು.”

“ನಿಮ್ಮ ತಾಯಿಯೂ ಟೀಚರಾ?”

ಅಲ್ಲ, ಅವಳಿಗೆ ಓದಲು ಬರುತ್ತಿರಲಿಲ್ಲ ಎಂದೆ. ಬೀಡಿ ಕಟ್ಟು ಸುತ್ತುವ ಪೇಪರಿಗೆ ಕಾಲು ತಾಗಿದರೂ ಅವಳು ಬಿಡುತ್ತಿರಲಿಲ್ಲ. “ನಮಗೆ ಓದ್ಲಿಕ್ಕೆ ಗೊತ್ತಿಲ್ಲ. ಯಾವ ಕಾಗದದಲ್ಲಿ ಎಂತ ಉಂಟು ಅಂತ ನಮಗೆ ಗೊತ್ತಾಗ್ತದಾ? ಎಲ್ಲದಕ್ಕೂ ಕೈ ಮುಗಿ” ಎನ್ನುತ್ತಿದ್ದಳು. ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವಾಗ ನನ್ನ ಇಂಗ್ಲಿಷು ತಡವರಿಸಿತು. ಪೇಪರು ಹಾಸಿ ಉಣ್ಣುವುದು ನಾನು ಓದಿದ ಮೇಲೆ ಕಲಿತದ್ದು, ಅಮ್ಮ ಇದ್ದಿದ್ದರೆ ನನ್ನ ಕೈಗೆ ಒಂದು ಪೆಟ್ಟು ಕೊಡುತ್ತಿದ್ದಳು ಎಂಬುದನ್ನೂ ಹೇಳಿದೆ.

ಯಾರೋ ಪ್ಲಾಸ್ಟಿಕ್ ಹಾಳೆ ತಂದು ಹಾಸಿದರು. ಪಾತ್ರೆಗಳು ಮೇಜಿಗೆ ಬಂದವು, ಮಾತೂ ಅಲ್ಲಲ್ಲಿ ಶುರುವಾಯಿತು. ಹಿರಿಯ ಟೀಚರು ಕಿಟಕಿಯ ಬಳಿ ಹೋಗಿ ಒಂದು ಪುಂಡಿ ತೆಗೆದುಕೊಂಡು ನಿಂತಲ್ಲೇ ಪೂರ್ತಿ ತಿಂದರು.

“ಉಪ್ಪು ಕಡಿಮೆ,” ಎಂದರು.

ನಿಜ, ಕಡಿಮೆಯಿತ್ತು.

ಮುಂದಿನ ವಾರ ಅವಧಿಯ ಕೊನೆಯ ವಾರ. ಅವರ ತರಗತಿಗೆ ಕೊನೆಯ ಸಲ ಹೊರಟಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಪೆಟ್ಟಿಗೆ ಕಟ್ಟುವ ಯೋಚನೆ. ಒಳಗೆ ಹೋಗಿ ಅಭ್ಯಾಸದಂತೆ ಹಿಂದೆ ನಡೆದೆ. ಅಲ್ಲಿ ನನ್ನ ಕುರ್ಚಿ ಇರಲಿಲ್ಲ. ಅದನ್ನು ಮುಂದೆ, ಮೊದಲ ಸಾಲಿನ ಇಬ್ಬರು ಹುಡುಗಿಯರ ನಡುವೆ ಹಾಕಿದ್ದರು. ಮಕ್ಕಳ ಮುಂದೆ ಪ್ರಶ್ನೆಪತ್ರಿಕೆ ಇರಲಿಲ್ಲ.

“ಕೂತುಕೊಳ್ಳಿ,” ಎಂದರು ಹಿರಿಯ ಟೀಚರು. ಮಕ್ಕಳ ಕಡೆ ತಿರುಗಿದರು. “ದುಕ್ತೂರಾಗೆ ಓದಲು ಬರುವುದಿಲ್ಲ. ನೀವು ಕಲಿಸಬೇಕು. ಅರಬ್ಬಿ ಮಾತಾಡಿದರೆ ಅವರಿಗೆ ತಿಳಿಯುವುದಿಲ್ಲ, ಇಂಗ್ಲಿಷಿನಲ್ಲೇ ಹೇಳಬೇಕು. ಯಲ್ಲಾ, ಶುರುಮಾಡಿ.”

ಅದೇ ಮಾತು, ಅದೇ ಬಾಯಿ. ಆದರೆ ಈ ಸಲ ನನ್ನ ಮುಂದೆ ಒಂದು ಸೀಸದ ಕಡ್ಡಿ ಇತ್ತು.

ಆ ತರಗತಿಯಲ್ಲಿ ನಾನು ಅದುವರೆಗೆ ಒಂದು ಮಗುವಿನ ದನಿಯನ್ನೂ ಕೇಳಿರಲಿಲ್ಲ. ಮೊದಲು ಎಲ್ಲರೂ ನಾಚಿಕೊಂಡರು. ನಾನು ಎಡಗಡೆಯಿಂದ ಶುರುಮಾಡಿದೆ ನೋಡಿ, ಪಕ್ಕದ ಹುಡುಗಿಗೆ ತಡೆಯಲಾಗಲಿಲ್ಲ. “ನೋ ಮಿಸ್, ದಿಸ್ ಸೈಡ್,” ಎಂದಳು. ಇನ್ನೊಬ್ಬಳು, “ಡೌನ್, ಡೌನ್, ಸ್ಟಾಪ್,” ಎಂದಳು. ಮೊದಲ ಅಕ್ಷರ ಅಲಿಫ್ ಒಂದು ನೇರ ಗೆರೆ, ಅದನ್ನೂ ನಾನು ವಾರೆ ಮಾಡಿದೆ. ಎರಡನೆಯ ಅಕ್ಷರ ‘ಬಾ’ ಬರೆದಾಗ ಚುಕ್ಕೆಯನ್ನು ಮೇಲಿಟ್ಟೆ. ಇಡೀ ತರಗತಿ ನಕ್ಕಿತು. ಹಿಂದಿನ ಸಾಲಿನಿಂದ ಒಬ್ಬಳು ಎದ್ದು ಬಂದು, ನನ್ನ ಬೆರಳು ಹಿಡಿದು, ಚುಕ್ಕೆ ಎಲ್ಲಿರಬೇಕು ಎಂದು ಕೆಳಗೆ ಒತ್ತಿ ತೋರಿಸಿದಳು. ಅಲ್ಲಿಗೆ ಬಂದ ಮೇಲೆ ನನ್ನ ಕೈಯನ್ನು ಇನ್ನೊಬ್ಬರು ಹಿಡಿದದ್ದು ಅದೇ ಮೊದಲು.

ಟೀಚರಾಗಿ ಹೇಳಬೇಕೆಂದರೆ ಅದು ನಾನು ನೋಡಿದ ಒಳ್ಳೆಯ ಇಂಗ್ಲಿಷ್ ಪಾಠಗಳಲ್ಲಿ ಒಂದು. ಮಕ್ಕಳಿಗೆ ಹೇಳಲೇಬೇಕಾದದ್ದೊಂದು ಇತ್ತು, ಅದಕ್ಕೆ ಮಾತಾಡಿದರು. ನಾನು ಕೊಟ್ಟ ಸಲಹೆ ಅದರಲ್ಲಿ ಏನೂ ಇರಲಿಲ್ಲ. ಪಾಠ ಮುಗಿದ ಮೇಲೆ ಇಬ್ಬರೂ ಸೇರಿ ಮಾಡಿದ ಪಾಠವೆಂದು ಪ್ರಿನ್ಸಿಪಾಲರಿಗೆ ಹೇಳಿಬಿಡುತ್ತೇನೆ ಎಂದು ಹಿರಿಯ ಟೀಚರೇ ಹೇಳಿದರು. ಬಾಗಿಲ ಬಳಿ ನಿಂತು, ತಮ್ಮ ತಾಯಿಗೂ ಓದಲು ಬರುತ್ತಿರಲಿಲ್ಲ ಎಂದಷ್ಟೇ ಹೇಳಿ ಒಳಗೆ ಹೋದರು. ಮುಂದಿನ ಅವಧಿಗೂ ನನ್ನನ್ನು ಆ ಶಾಲೆಯಲ್ಲೇ ಉಳಿಸಿಕೊಂಡರು.

ಆ ಸಂಜೆ ಗೆಳತಿಗೆ ಫೋನು ಮಾಡಿದೆ. ಅವಳು ಯಾವುದೋ ಮಾಲಿನಲ್ಲಿದ್ದಳು, ಗದ್ದಲದಲ್ಲಿ ಏನೂ ಕೇಳಿಸುವುದಿಲ್ಲ, ಆಮೇಲೆ ಮಾಡ್ತೇನೆ ಮಾರಾಯ್ತಿ ಎಂದಳು. ಮಾಡಲಿಲ್ಲ. ಇದನ್ನು ನಿಜವಾಗಿ ಕೇಳಬೇಕಾಗಿದ್ದ ಅಮ್ಮ ಹೇಗೂ ಇರಲಿಲ್ಲ.

ಮೊಸರು ತರುವ ನೆಪದಲ್ಲಿ ಕೆಳಗಿಳಿದೆ. ಅಂಗಡಿಯ ಅರಬ್ಬಿ ಬೋರ್ಡಿನ ಕೆಳಗೆ ದಿನವೂ ಹಾದುಹೋಗುತ್ತಿದ್ದೆ, ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ. ಅವತ್ತು ರಸ್ತೆಯಾಚೆ ನಿಂತು ನೋಡಿದೆ. ಬಲಗಡೆಯಿಂದ ಶುರು. ಮೊದಲನೆಯದರ ಕೆಳಗೆ ಒಂದು ಚುಕ್ಕೆ. ನಡುವೆ ಎಲ್ಲೋ ಒಂದು ನೇರ ಗೆರೆ.

ಕಾಕಾ ಹೊರಗೆ ಬಂದು ತಾವೂ ಕತ್ತೆತ್ತಿ ನೋಡಿದರು.

“ಎಂತ ಟೀಚರೇ, ಬೋರ್ಡು ಬೀಳ್ತದಾ?”

“ಇಲ್ಲ ಕಾಕಾ. ಓದ್ತಾ ಇದ್ದೇನೆ.”

“ಅದರಲ್ಲಿ ಓದ್ಲಿಕ್ಕೆ ಎಂತ ಉಂಟು? ಅದು...”

“ಹೇಳ್ಬೇಡಿ,” ಎಂದೆ.

ಅವರು ಮೊಸರು ತೆಗೆದಿಡಲು ಒಳಗೆ ಹೋದರು. ನಾನು ರಸ್ತೆಯಾಚೆಯೇ ನಿಂತು, ಬಸ್ಸಿನ ಬೋರ್ಡು ನೋಡುವ ಅಮ್ಮನ ಹಾಗೆ ಕಣ್ಣು ಕಿರಿದು ಮಾಡಿ, ಮತ್ತೆ ಮೊದಲನೆಯ ಅಕ್ಷರಕ್ಕೆ ಬಂದೆ.