ಅರ್ಪಿತಳ ‘ಎ’ ಗ್ರೇಡು

ಸಣ್ಣತಾಯಮ್ಮ ಮಿಸ್ಸಿಗೆ ಸಿಟ್ಟು ಬಂದರೆ ಹಲಗೂರು ಬಸ್‌ಸ್ಟಾಂಡಿನಲ್ಲಿ ನಿಂತವರಿಗೂ ಗೊತ್ತಾಗುತ್ತದೆ. ಕೂಲಿಯವರ ಮಗಳು. ಅಕ್ಕನ ಹಳೇ ಲಂಗ ತೊಟ್ಟುಕೊಂಡೇ ಓದಿ, ಇಪ್ಪತ್ತೆರಡಕ್ಕೆ ಮೇಷ್ಟ್ರ ಕೆಲಸ ಹಿಡಿದ ಹೆಂಗಸು. ಮೂವತ್ತೊಂದು ವರ್ಷದಿಂದ ಸುತ್ತಲ ಹಳ್ಳಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಾರೆ. ತನಗೆ ಸಿಟ್ಟು ಇಲ್ಲದೇ ಹೋಗಿದ್ದರೆ ಕಬ್ಬಿನ ಗದ್ದೆ ದಾಟುತ್ತಲೇ ಇರಲಿಲ್ಲ ಅಂತ ಅವರ ನಂಬಿಕೆ. ಅದೇನು ಪೂರಾ ಸುಳ್ಳಲ್ಲ.

ಈ ಸಲ ಸಿಟ್ಟು ಶುರುವಾದದ್ದು ಫೆಬ್ರವರಿಯ ಒಂದು ಸೋಮವಾರ, ಏಳನೇ ಕ್ಲಾಸಿನಲ್ಲಿ. ಬೋರ್ಡಿನ ಮೇಲೆ ಎರಡರಲ್ಲಿ ಒಂದು, ನಾಲ್ಕರಲ್ಲಿ ಒಂದು, ಹೀಗೆ ಎರಡು ಭಿನ್ನರಾಶಿ ಬರೆದು ಯಾವುದು ದೊಡ್ಡದು ಅಂತ ಕೇಳಿದರು. ಅರ್ಪಿತ ಎದ್ದು ನಿಂತು, “ನಾಲ್ಕರಲ್ಲಿ ಒಂದು ಮಿಸ್. ನಾಲ್ಕೇ ದೊಡ್ಡದಲ್ವಾ?” ಅಂದಳು.

ಮಿಸ್ಸಿನ ಮೈ ಉರಿದುಹೋಯಿತು. ಜೂನ್ ಬಂದರೆ ಈ ಹುಡುಗಿ ಎಂಟನೇ ಕ್ಲಾಸಿಗೆ ಹೈಸ್ಕೂಲು ಸೇರಬೇಕು. ಇಷ್ಟೂ ತಿಳಿಯದೆ ಹೋದರೆ ಅಲ್ಲಿ ಹಿಂದಿನ ಬೆಂಚು, ಅದರ ಮಾರನೇ ವರ್ಷ ಅಜ್ಜಿಯ ಜೊತೆ ಆಲೆಮನೆಯಲ್ಲಿ ಬೆಲ್ಲದ ಅಚ್ಚು ತೊಳೆಯೋ ಕೆಲಸ. ಹಾಗೆ ಹೋದವರನ್ನ ಅವರು ಕಣ್ಣಾರೆ ಕಂಡಿದ್ದಾರೆ. “ಏಳು ವರ್ಷ ಏನ್ ಮಣ್ಣು ಹೊತ್ತೆ ಇಲ್ಲಿ? ನಡಿ ಆಚೆಗೆ,” ಅಂತ ಬೈದು ಪೀರಿಯಡ್ಡು ಮುಗಿಯೋವರೆಗೂ ಬಾಗಿಲಾಚೆ ನಿಲ್ಲಿಸಿದರು.

ಹಿಂದುಳಿದ ಮಕ್ಕಳಿಗೆ ಮುಂದಿನ ವಾರದಿಂದ ಬೆಳಿಗ್ಗೆ ವಿಶೇಷ ತರಗತಿ ಇತ್ತು. ಪಟ್ಟಿಯಲ್ಲಿ ಒಂಬತ್ತು ಹೆಸರು, ಅರ್ಪಿತಳದ್ದು ಇಲ್ಲ. ಕಂಪ್ಯೂಟರು ‘ಸಿ’ ಗ್ರೇಡಿನವರನ್ನ ಮಾತ್ರ ಆರಿಸುತ್ತದಂತೆ, ಈ ಹುಡುಗಿಗೋ ಭಿನ್ನರಾಶಿಯಲ್ಲಿ ‘ಎ’. ಹೆಡ್‌ಮೇಷ್ಟ್ರು ರಾಜೇಂದ್ರ ಕೈ ಚೆಲ್ಲಿಬಿಟ್ಟರು: “ಗ್ರೇಡು ಲಾಕ್ ಆಗ್ಯದೆ ಮೇಡಂ, ಇನ್ನು ತಿದ್ದೋಕಾಗಲ್ಲ.”

‘ಎ’ ಕೊಟ್ಟ ಪುಣ್ಯಾತ್ಮ ಯಾರು? ತಾವು ರಜೆಯಲ್ಲಿದ್ದಾಗ ಆಗಸ್ಟಿನಿಂದ ಮೂರು ತಿಂಗಳು ಗಣಿತ ತಗೊಂಡಿದ್ದ ಅತಿಥಿ ಶಿಕ್ಷಕ ಅಶೋಕನೇ ಇರಬೇಕು ಅಂತ ಮಿಸ್ಸು ತೀರ್ಮಾನ ಮಾಡಿದರು. ಅವನೀಗ ಮದ್ದೂರಿನಲ್ಲಿ ಮೊಬೈಲ್ ಅಂಗಡಿಯಲ್ಲಿದ್ದ. ಫೋನ್ ಹಚ್ಚಿ, “ಪರೀಕ್ಷೆ ಮಾಡದೆ ಗ್ರೇಡ್ ಗೀಚಿ ಓಡೋದ್ಯಲ್ಲಪ್ಪ, ಮಗು ಬದುಕು ಹಾಳಾಯ್ತು,” ಅಂತ ಚೆನ್ನಾಗಿ ಝಾಡಿಸಿದರು. ಅವನು, “ಆಯ್ತು ಮೇಡಂ,” ಅಂದ, ಅಷ್ಟೆ.

ಶುಕ್ರವಾರ ಮಂಡ್ಯದಲ್ಲಿ ತರಗತಿ ಮೌಲ್ಯಮಾಪನದ ಬಗ್ಗೆ ಶಿಕ್ಷಕರಿಗೆ ತರಬೇತಿ. ತರಬೇತಿ ಅಂದರೇನೇ ಅವರಿಗೆ ಆಗದು. ಮಗು ಕಲಿಯಿತೋ ಇಲ್ಲವೋ ಅಂತ ನೋಡೋದು ಹೇಗೆ ಅಂತ ಹೇಳಿಕೊಡೋಕೆ ಮಗುವನ್ನ ನೋಡೋ ದಿನವನ್ನೇ ಕಿತ್ತುಕೊಳ್ಳುತ್ತಾರಲ್ಲ, ಇದೆಂಥ ನ್ಯಾಯ? ಆದರೂ ಹೋದರು, ಆರ್ಡರ್ ಬಂದಿತ್ತು.

ತರಬೇತಿ ಕೊಡುವ ರಘುನಂದನ್, ಇಸ್ತ್ರಿ ಮುರಿಯದ ಹುಡುಗ, ತಪಾಸಣೆಯಲ್ಲಿ ಮೆಚ್ಚುಗೆ ಪಡೆದ ಒಂದು ಕಡತದ ಚಿತ್ರವನ್ನ ಗೋಡೆಯ ಮೇಲೆ ಬಿಟ್ಟು, “ದಾಖಲೆ ಅಂದ್ರೆ ಹೀಗಿರಬೇಕು. ಒಂದು ಕಾಲಂ ಖಾಲಿ ಇಲ್ಲ,” ಅಂದ. ಹಾಲ್ ತುಂಬ ಚಪ್ಪಾಳೆ. ಸಣ್ಣತಾಯಮ್ಮನೂ ತಟ್ಟುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. ಅಕ್ಷರ ಅವರದ್ದೇ. ‘ಅರ್ಪಿತ. ಜುಲೈ ಹದಿನೆಂಟು. ಭಿನ್ನರಾಶಿಗಳನ್ನು ಸ್ವತಂತ್ರವಾಗಿ ಹೋಲಿಸುತ್ತಾಳೆ. ಎ.’

ಜುಲೈ ಹದಿನೆಂಟರಂದು ಅವರು ಶಾಲೆಯಲ್ಲೇ ಇರಲಿಲ್ಲ. ಇದೇ ಹಾಲಿನಲ್ಲಿ, ಇಂಥದ್ದೇ ತರಬೇತಿಯಲ್ಲಿ ಕೂತಿದ್ದರು. ಸಾಹೇಬರು ತಪಾಸಣೆಗೆ ಬರುತ್ತಾರೆ ಅಂತ ಆಮೇಲೆ ಒಂದು ಮಧ್ಯಾಹ್ನ ಕೂತು, ಅನುಮಾನ ಬರದಿರಲಿ ಅಂತ ಒಮ್ಮೆ ನೀಲಿ ಪೆನ್ನು ಒಮ್ಮೆ ಕಪ್ಪು ಪೆನ್ನು ಹಿಡಿದು, ಮಾಡದೇ ಇದ್ದ ಕಿರುಪರೀಕ್ಷೆಗೆ ಮೂವತ್ತೆರಡು ಮಕ್ಕಳ ಗ್ರೇಡು ತುಂಬಿದ್ದರು. ಅರ್ಪಿತ ಗಲಾಟೆ ಮಾಡದ ಹುಡುಗಿ, ಅದಕ್ಕೇ ‘ಎ’. ಇದು ಅವರೊಬ್ಬರ ಪಾಪವೇನಲ್ಲ. ಚಪ್ಪಾಳೆ ತಟ್ಟಿದ ಎಷ್ಟೋ ಕೈಗೆ ಎರಡು ಪೆನ್ನಿನ ಅಭ್ಯಾಸ ಇತ್ತು.

ಎದ್ದು ನಿಂತರು. “ಸಾರ್, ಅದು ನನ್ನ ಕಡತ. ಅಲ್ಲಿರೋದೆಲ್ಲ ಸುಳ್ಳು.”

ಪಕ್ಕದ ನಜೀರ್ ಅಹ್ಮದ್ ಮೇಷ್ಟ್ರು, “ಕೂತ್ಕಳಿ ಮೇಡಂ, ಎಲ್ಲಾರೂ ಬರಿಯೋದೇ ಅಲ್ವಾ,” ಅಂತ ಪಿಸುಗುಟ್ಟಿದರು.

“ಎಲ್ಲಾರೂ ಬರಿಯೋದ್ರಿಂದಲೇ ಆ ಮಗು ಹಾಳಾಯ್ತಿರೋದು ಕಣ್ರೀ,” ಅಂದರು ಮಿಸ್ಸು, ಇಡೀ ಹಾಲಿಗೆ ಕೇಳೋ ಹಾಗೆ. ರಘುನಂದನ್ ಗಡಿಯಾರ ನೋಡಿ ಊಟಕ್ಕೆ ಬಿಟ್ಟ. ಅವರು ಊಟ ಮಾಡಲಿಲ್ಲ, ಚೀಲ ತಗೊಂಡು ಹೊರಟುಬಿಟ್ಟರು.

ಮದ್ದೂರಿನಲ್ಲಿ ಇಳಿದು ಅಶೋಕನ ಅಂಗಡಿಗೆ ಹೋಗಿ, “ಗ್ರೇಡು ಕೊಟ್ಟೋಳು ನಾನು ಕಣಪ್ಪ,” ಅಂದರು.

“ಗೊತ್ತಿತ್ತು ಮೇಡಂ. ನಾನು ಬರೋ ಮುಂಚೇನೇ ತುಂಬಿತ್ತು.”

“ಮತ್ತೆ ಯಾಕ್ ಹೇಳ್ಲಿಲ್ಲ?”

“ನೀವು ಸಿಟ್ಟಲ್ಲಿದ್ರಿ.”

ಮಳವಳ್ಳಿ ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ತಮ್ಮನ್ನ ತಾವೇ ಬೈದುಕೊಂಡರು. ಬೇರೆಯವರಿಗೆ ಬೈದಷ್ಟು ಸಲೀಸಾಗಿರಲಿಲ್ಲ.

ಶನಿವಾರ ಶಾಲೆ ಬಿಟ್ಟಮೇಲೆ ಅರ್ಪಿತಳ ಮನೆಗೆ ಹೋದರು. ಅಜ್ಜಿ ಮರಿತಾಯಮ್ಮ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಪ್ರಗತಿ ಪತ್ರ ತಂದು ತೋರಿಸಿತು. “ನಮ್ಮನೇಲಿ ಎ ತಗಂಡೋಳು ಇವಳೊಬ್ಳೇ ಕಣವ್ವ. ಪಕ್ಕದ್ಮನೆಯೋರು ಟೂಸನ್ನಿಗೆ ಕಳ್ಸು ಅಂದ್ರು. ಎ ಬಂದದಲ್ಲ, ಯಾಕ್ ಬುಡು ಅಂದೆ.”

ಮಿಸ್ಸು ನೆಲ ನೋಡಿಕೊಂಡು ಹೇಳಿದರು. “ಆ ಎ ಸುಳ್ಳು ಕಣಮ್ಮ. ಕೇಳದೆ, ನೋಡದೆ ನಾನು ಬರೆದದ್ದು. ತಪ್ಪು ನಂದು.”

ಅಜ್ಜಿ ಪತ್ರವನ್ನ ಮತ್ತೆ ಕವರಿನಲ್ಲಿ ಸುತ್ತತೊಡಗಿತು. ಅರ್ಪಿತ ಬಾಗಿಲಿಗೆ ಒರಗಿ ನಿಂತಿದ್ದಳು. “ಹಂಗಾದ್ರೆ ಸೋಮವಾರ ಆಚೆ ನಿಂತ್ಕೋಬೇಕಾಗಿದ್ದು ನೀವಲ್ವಾ ಮಿಸ್?”

ಅದರಲ್ಲಿ ಅಧಿಕಪ್ರಸಂಗ ಇರಲಿಲ್ಲ. ಲೆಕ್ಕ ಕೇಳಿದ ಹಾಗೆ ಕೇಳಿದ್ದಳು.

ಸೋಮವಾರ ಮೊದಲ ಪೀರಿಯಡ್ಡಿಗೆ ಹೆಡ್‌ಮೇಷ್ಟ್ರು ರಾಜೇಂದ್ರ ಬಂದು ನೋಡಿದರೆ ಸಣ್ಣತಾಯಮ್ಮ ಏಳನೇ ಕ್ಲಾಸಿನ ಬಾಗಿಲಾಚೆ ನಿಂತುಕೊಂಡೇ ಪಾಠ ಮಾಡುತ್ತಿದ್ದರು. ಒಳಗೆ ಬೋರ್ಡಿನ ಮೇಲೆ ಅವರು ಹೇಳಿದ್ದನ್ನ ಅರ್ಪಿತ ಬರೆಯುತ್ತಿದ್ದಳು.

“ಇದೇನ್ ಮೇಡಂ, ಯಾರಾದ್ರೂ ನೋಡಿದ್ರೆ?”

“ನೋಡ್ಲಿ ಅಂತಲೇ ನಿಂತಿರೋದು. ಪಟ್ಟಿಗೆ ಹತ್ತನೇ ಹೆಸರು ಸೇರಿಸಿ, ಒಳಕ್ಕೆ ಬತ್ತೀನಿ.”

“ಲಾಕ್ ಆಗ್ಯದೆ ಅಂದ್ನಲ್ಲ.”

“ಹಂಗಾದ್ರೆ ಇಲ್ಲೇ ಇರ್ತೀನಿ.”

ಮಂಗಳವಾರವೂ ನಿಂತರು. ಬುಧವಾರ ಊರಿನವರು ಕಾಂಪೌಂಡಿನ ಮೇಲೆ ಇಣುಕತೊಡಗಿದ ಮೇಲೆ ರಾಜೇಂದ್ರ, ಗೊಣಗುತ್ತಲೇ, ಕಂಪ್ಯೂಟರಿನ ಒಂಬತ್ತು ಹೆಸರಿನ ಕೆಳಗೆ ಪೆನ್ನಿನಲ್ಲಿ ಹತ್ತನೆಯದನ್ನ ಬರೆದು ಸಹಿ ಹಾಕಿದರು. ಮಿಸ್ಸು ಚೀಲ ಎತ್ತಿಕೊಂಡು ಒಳಗೆ ಬರಲು ಹೊಸ್ತಿಲ ಮೇಲೆ ಕಾಲಿಟ್ಟರು. ಅರ್ಪಿತ ಸೀಮೆಸುಣ್ಣ ಕೆಳಗಿಟ್ಟು ಗಡಿಯಾರದ ಕಡೆ ಕೈ ತೋರಿಸಿದಳು.

“ಪೀರಿಯಡ್ ಇನ್ನೂ ಹತ್ತು ನಿಮಿಷ ಅದೆ ಮಿಸ್. ನನ್ನನ್ನ ಪೂರಾ ನಿಲ್ಸಿದ್ರಿ.”

ಸಣ್ಣತಾಯಮ್ಮ ಕಾಲು ಹಿಂದಕ್ಕೆ ತೆಗೆದು ಅಲ್ಲೇ ನಿಂತರು.